ತೆರಾವಾಕಿ ಮೇಷ್ಟ್ರ ಮರಣಕ್ಕೆ ಹದಿನಾಲ್ಕು ಮೊಹರು

ತೆರಾವಾಕಿ ಮೇಷ್ಟ್ರನ್ನು ಕೊಂದವನು ನಾನೇ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಬೀದಿಯ ಹದಿನಾಲ್ಕು ಮನೆಯವರೂ ಅದನ್ನು ಓದಿ ಮೊಹರು ಒತ್ತಿದ್ದಾರೆ. ಸತ್ತ ಮೇಷ್ಟ್ರೂ ಒತ್ತಿದ್ದಾರೆ. ಎಲ್ಲಕ್ಕಿಂತ ಮೊದಲಿನ ಮೊಹರು ಅವರದೇ. ಕೆಂಪು ಶಾಯಿ ಬಲು ಚೆನ್ನಾಗಿ ಮೂಡಿದೆ. ಇವತ್ತು ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದು, ಎರಡು ಲೋಟ ಬಾರ್ಲಿ ಚಹಾ ಕುಡಿದು, ನಾನು ಅವರನ್ನು ಕೊಂದ ರೀತಿ ಸರಿಯಿರಲಿಲ್ಲವೆಂದು ಮತ್ತೊಮ್ಮೆ ಬೈದು ಹೋದರು.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ಹೊರಿಕವಾ ತೊಕುಜಿ. ವಯಸ್ಸು ಎಪ್ಪತ್ತಾರು. ಫುಕುಯಿಯ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಪಾರ್ಸೆಲ್ ತೂಗಿದವನು. ನನ್ನ ಹೆಂಡತಿ ಫುಸಾಯೆ ಕಳೆದ ಡಿಸೆಂಬರಿನಲ್ಲಿ, ಮೊದಲ ಹಿಮ ಬಿದ್ದ ವಾರ, ಅಮಿದಾ ಬುದ್ಧನ ಪಾದ ಸೇರಿದಳು. ನಲವತ್ತೊಂಬತ್ತನೆಯ ದಿನ ಅಸ್ಥಿಯನ್ನು ಮನೆತನದ ಸಮಾಧಿಯಲ್ಲಿ ಇಡುವುದು ನಮ್ಮ ಪದ್ಧತಿ. ನಾನು ಇಡಲಿಲ್ಲ. ಬಿಳಿ ಬಟ್ಟೆ ಸುತ್ತಿದ ಅಸ್ಥಿಕಲಶ ಚಾಪೆಯ ಕೋಣೆಯ ಮೂಲೆಯಲ್ಲಿ, ದೇವರ ಗೂಡಿನ ಪಕ್ಕದಲ್ಲಿಯೇ ಉಳಿಯಿತು. ಮೊದಲು ಹಿಮ ಜಾಸ್ತಿ ಎಂದೆ. ಹಿಮ ಕರಗಿತು. ಆಮೇಲೆ ಮೊಣಕಾಲು ನೋವು ಎಂದೆ. ನನ್ನ ಹೆಂಡತಿಯ ಅಕ್ಕ ಕಿಯೋ, ಬೀದಿಯ ಕೊನೆಯ ಮನೆಯವಳು, ಮುಲಾಮು ತಂದು ತಾನೇ ತಿಕ್ಕಿದಳು. ಎಂಬತ್ತು ವರ್ಷದ ಆ ಹೆಂಗಸಿನ ಹೆಬ್ಬೆರಳಿಗೆ ಹೆದರಿ ಮೊಣಕಾಲು ಕೂಡಲೇ ವಾಸಿಯಾಯಿತು. ಬೇರೆ ನೆಪ ಬೇಕಾಯಿತು.

"ಅಕ್ಕ, ಫುಸಾಯೆ ಅರ್ಧಕ್ಕೆ ಬಿಟ್ಟ ಒಂದು ಕೆಲಸ ಹಿಡಿದಿದ್ದೀನಿ. ಅದು ಮುಗಿಯೋವರೆಗೆ ಅವಳು ಮನೇಲೇ ಇರಲಿ" ಎಂದೆ.

"ಯಾವ ಕೆಲಸ? ಸೂತ್ರ ಪ್ರತಿ ಬರೀತಿದ್ದೀಯಾ?"

ನಾನು ಹೌದು ಎನ್ನಲಿಲ್ಲ. ತಲೆ ತಗ್ಗಿಸಿದೆ, ಅಷ್ಟೆ. ನಮ್ಮ ದೇಶದಲ್ಲಿ ತಲೆ ತಗ್ಗಿಸುವುದಕ್ಕೆ ನೂರು ಅರ್ಥಗಳಿವೆ. ಅವುಗಳಲ್ಲಿ ಒಂದನ್ನು ಕಿಯೋ ಆರಿಸಿಕೊಂಡರೆ ತಪ್ಪು ನನ್ನದಲ್ಲ. ವಾರದೊಳಗೆ ಬೀದಿಯೆಲ್ಲ ಸುದ್ದಿ ಹರಡಿತು: ಹೊರಿಕವಾ ಹೆಂಡತಿಯ ಪುಣ್ಯಕ್ಕೆಂದು ಕುಂಚ ಹಿಡಿದು ಬುದ್ಧನ ಸೂತ್ರ ಬರೆಯುತ್ತಿದ್ದಾನಂತೆ. ಕ್ಷೌರದಂಗಡಿಯ ಹತ್ಸುಯೆ ನನ್ನನ್ನು ಕಂಡಾಗ ಒಂದು ಗೇಣು ಹೆಚ್ಚು ಬಾಗಿ ನಮಸ್ಕರಿಸತೊಡಗಿದಳು. ತೋಫು ಅಂಗಡಿಯ ಇನೋಕುಮಾ ನನ್ನ ತೋಫುವಿನ ಮೇಲೆ ಒಂದು ಕರಿದ ತುಂಡು ಹೆಚ್ಚಿಗೆ ಇಡತೊಡಗಿದ. ಆ ತುಂಡು ನನಗೆ ಸಲ್ಲದ್ದೆಂದು ಗೊತ್ತಿತ್ತು. ಆದರೂ ತಿನ್ನುತ್ತಿದ್ದೆ.

ನಾನು ನಿಜವಾಗಿ ಮಾಡುತ್ತಿದ್ದದ್ದು ವಿಡಿಯೋ ಗೇಮ್ ಆಡುವುದು.

ಫುಸಾಯೆ ಇಪ್ಪತ್ತು ವರ್ಷದಿಂದ ಅಂಗೈಯಗಲದ ಯಂತ್ರದಲ್ಲಿ ಯುದ್ಧದಾಟ ಆಡುತ್ತಿದ್ದಳು. ಚದುರಂಗದ ಮನೆಗಳಂತಿರುವ ನೆಲದಲ್ಲಿ ಒಂದು ಪುಟ್ಟ ಸೈನ್ಯವನ್ನು ನಡೆಸುವ ಆಟ. ಅಕ್ಕಪಕ್ಕ ನಿಂತು ಹೋರಾಡಿದ ಇಬ್ಬರಿಗೆ ಒಬ್ಬರ ಮೇಲೊಬ್ಬರಿಗೆ ಅಕ್ಕರೆ ಬೆಳೆಯುತ್ತದೆ. ಒಂದೊಂದು ಹೃದಯದ ಗುರುತು ತುಂಬಿದಾಗಲೂ ಅವರು ಕುಳಿತು ಮಾತಾಡುತ್ತಾರೆ. ಮೂರು ಹೃದಯ, ಮೂರು ಮಾತುಕತೆ. ಅವಳು ಬದುಕಿದ್ದಾಗ ನಾನು ಅದರ ಕಡೆ ತಿರುಗಿಯೂ ನೋಡಿದವನಲ್ಲ. "ಊಟ ಆಯ್ತಾ?" ಎಂದು ನಾನು ಕೇಳುವೆ, "ತಡೀರಿ, ಕುದುರೆಯವನು ಸಾಯ್ತಿದ್ದಾನೆ" ಎಂದು ಅವಳು ಹೇಳುವಳು. ನಮ್ಮ ದಾಂಪತ್ಯದ ಬಹುಭಾಗ ಹೀಗೆಯೇ ಸಾಗಿತು.

ಮಾರ್ಚಿನಲ್ಲಿ ಅವಳ ಪೆಟ್ಟಿಗೆ ತೆಗೆದಾಗ ಯಂತ್ರ ಸಿಕ್ಕಿತು. ಚಾಲೂ ಮಾಡಿದೆ. ಸೈನಿಕರ ಪಟ್ಟಿ ನೋಡಿ ಚಾಪೆಯ ಮೇಲೆ ಹಾಗೆಯೇ ಕುಸಿದೆ. ಅವಳು ಸೈನಿಕರಿಗೆಲ್ಲ ನಮ್ಮ ಬೀದಿಯವರ ಹೆಸರಿಟ್ಟಿದ್ದಳು. ಬೀದಿ ಸಂಘದ ಅಧ್ಯಕ್ಷರು, ಹಿಂದೆ ವ್ಯಾಯಾಮದ ಮೇಷ್ಟ್ರಾಗಿದ್ದ ತೆರಾವಾಕಿಯವರು, ಮೈತುಂಬ ಕಬ್ಬಿಣ ತೊಟ್ಟ ಗುರಾಣಿಯವನು. ಇನೋಕುಮಾ ಕುದುರೆ ಸವಾರ. ಹತ್ಸುಯೆ ಕೊಡಲಿಯವಳು. ಕಿಯೋ ಹಾರುವ ಸರ್ಪದ ಮೇಲೆ ಕುಳಿತವಳು. ನಮ್ಮ ಮಠದ ರ್ಯೋಕೈ ಗುರುಗಳು, ಬುದ್ಧ ಕ್ಷಮಿಸಲಿ, ಬೀಗ ಮುರಿಯುವ ಕಳ್ಳ. ಪಟ್ಟಿಯ ಕೊನೆಯಲ್ಲಿ ಗಾಯ ವಾಸಿಮಾಡುವ ಫುಸಾಯೆ, ಅವಳ ಕೆಳಗೆ ಔಷಧಿಯ ಮೂಟೆ ಹೊರುವ ತೊಕುಜಿ. ತೊಕುಜಿ ಕೊಂದ ಶತ್ರುಗಳು: ಸೊನ್ನೆ.

ಫುಸಾಯೆಗೂ ತೊಕುಜಿಗೂ ನಡುವೆ ಎರಡು ಹೃದಯ ತುಂಬಿದ್ದವು. ಎರಡು ಮಾತುಕತೆಯನ್ನು ಅವಳು ಕೇಳಿ ಮುಗಿಸಿದ್ದಳು. ಮೂರನೆಯ ಹೃದಯ ಅರ್ಧಕ್ಕೆ ನಿಂತಿತ್ತು.

ಆ ಮೂರನೆಯ ಮಾತುಕತೆಯಲ್ಲಿ ಅವಳು ನನಗೆ ಏನು ಹೇಳುತ್ತಾಳೆಂದು ಕೇಳಬೇಕಾಗಿತ್ತು. ಅದೇ ನಾನು ಹಿಡಿದ ಕೆಲಸ.

ಆದರೆ ಫುಸಾಯೆ ಆಡುತ್ತಿದ್ದದ್ದು 'ಅತಿ ಕಠಿಣ' ಎಂಬ ಮಟ್ಟದಲ್ಲಿ. ಅಲ್ಲಿ ಸತ್ತವರು ಸತ್ತರು, ಮತ್ತೆ ಬರುವುದಿಲ್ಲ. ಪ್ರತಿಯೊಂದು ನಡೆಯನ್ನೂ ಯಂತ್ರ ತಾನಾಗಿಯೇ ಬರೆದಿಟ್ಟುಕೊಳ್ಳುತ್ತದೆ, ಹಿಂದಕ್ಕೆ ಹೋಗುವಂತಿಲ್ಲ. ನಾನು ತಡವರಿಸಿದಾಗಲೆಲ್ಲ ಅದು ವಿನಯದಿಂದ ಕೇಳುತ್ತಿತ್ತು: 'ಸುಲಭ ಮಟ್ಟಕ್ಕೆ ಇಳಿಯುವಿರಾ? ಇಳಿದರೆ ಮತ್ತೆ ಏರಲಾಗದು.' ಅಂಚೆ ಇಲಾಖೆಯ ಸನ್ಮಾನ ಪತ್ರ ಪಡೆದವನು ನಾನು. ಹೆಂಡತಿ ಏರಿದ ಮೆಟ್ಟಿಲಿನಿಂದ ಇಳಿಯುವುದೇ? ಎದೆಯುಬ್ಬಿಸಿ 'ಇಲ್ಲ' ಒತ್ತುತ್ತಿದ್ದೆ.

ಫುಸಾಯೆ ಸತ್ತುಬಿಟ್ಟರೆ? ಆ ಭಯಕ್ಕೆ ನಾನು ಅವಳನ್ನು ಪ್ರತಿ ಯುದ್ಧದಲ್ಲೂ ಕೋಟೆಯ ಮೂಲೆಯಲ್ಲಿ ನಿಲ್ಲಿಸಿ, ಸುತ್ತಲೂ ಬೀದಿಯವರನ್ನೆಲ್ಲ ಗೋಡೆಯಾಗಿ ಕಟ್ಟಿದೆ. ಅವಳು ಹೋರಾಡಲಿಲ್ಲ. ಹೋರಾಡದೆ ಹೃದಯ ತುಂಬುವುದಿಲ್ಲ. ನಾಲ್ಕು ತಿಂಗಳಲ್ಲಿ ಅದು ಕೂದಲೆಳೆಯಷ್ಟೂ ಮೇಲೇರಲಿಲ್ಲ. ಇದನ್ನು ಸಮರ ತಂತ್ರವೆಂದು ನಾನು ಭಾವಿಸಿದ್ದೆ.

ಜುಲೈ ಎರಡನೆಯ ವಾರ, ಆಟದ ಹನ್ನೊಂದನೆಯ ಅಧ್ಯಾಯದಲ್ಲಿ, ಆ ಗೋಡೆಯ ಮುಂದಿನ ಕಲ್ಲಾಗಿದ್ದ ಮೇಷ್ಟ್ರಿಗೆ ಬಾಣ ತಗುಲಿತು. "ನನ್ನನ್ನು ಬಿಟ್ಟು ಮುಂದೆ ಸಾಗಿ" ಎಂದು ಹೇಳಿ ಅವರು ಮಾಯವಾದರು. ನಾನು ದೇವರ ಗೂಡಿನ ಮುಂದೆ ಒಂದು ಊದುಬತ್ತಿ ಹಚ್ಚಿ, 'ನಮು ಅಮಿದಾ ಬುತ್ಸು' ಎಂದು ಬುದ್ಧನಿಗೆ ನಮಿಸಿ, ಎಂದಿನಂತೆ ಆ ದಿನದ ಆಟವನ್ನು ಒಂದು ಹಾಳೆಯಲ್ಲಿ ಬರೆದಿಟ್ಟೆ. ಅಂಚೆಯವನ ಅಭ್ಯಾಸ, ಬರೆಯದಿದ್ದರೆ ನಿದ್ದೆ ಬಾರದು.

ಈ ವರ್ಷ ಸರದಿಯ ಪ್ರಕಾರ ನಮ್ಮ ಬೀದಿಯ ಸುತ್ತೋಲೆ ಹಲಗೆ ನನ್ನ ಪಾಲಿಗೆ ಬಂದಿತ್ತು. ಸಂಘದ ಸೂಚನೆಗಳನ್ನು ಹಲಗೆಗೆ ಸಿಕ್ಕಿಸಿ ಮೊದಲ ಮನೆಗೆ ಕೊಡಬೇಕು. ಅವರು ಓದಿ, ಸಹಿಯ ಬದಲು ತಮ್ಮ ಹೆಸರಿನ ಮೊಹರು ಒತ್ತಿ ಪಕ್ಕದ ಮನೆಗೆ ಕೊಡಬೇಕು. ಆ ದಿನ ಚರಂಡಿ ಶುಚಿ ಮಾಡುವ ಸೂಚನೆ ಇತ್ತು. ಬರೆಯಲು ಗಟ್ಟಿಯಾಗಿರುತ್ತದೆಂದು ನಾನು ಆ ಹಲಗೆಯನ್ನೇ ತೊಡೆಯ ಮೇಲಿಟ್ಟುಕೊಂಡು, ನನ್ನ ಹಾಳೆಯನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸಿಯೇ ಬರೆದಿದ್ದೆ. ತೆಗೆಯುವುದನ್ನು ಮರೆತೆ. ಸಂಜೆ ಹಲಗೆಯನ್ನು ಮೇಷ್ಟ್ರ ಮನೆಯ ಬಾಗಿಲಿಗೆ ಒರಗಿಸಿ ಬಂದೆ.

ಹಾಳೆಯಲ್ಲಿದ್ದದ್ದು ಇಷ್ಟು:

'ತೆರಾವಾಕಿ ಮೇಷ್ಟ್ರು ತೀರಿಕೊಂಡರು. ಬಾಣ ತಗುಲಿ. ಇನೋಕುಮಾ ಮತ್ತು ಹತ್ಸುಯೆ: ಸಂಬಂಧ ಉತ್ತಮ, ಇನ್ನೊಂದು ಸಲ ಪಕ್ಕಪಕ್ಕ ನಿಲ್ಲಿಸಿದರೆ ಮದುವೆ. ರ್ಯೋಕೈ ಗುರುಗಳನ್ನು ನಾಳೆ ಬೀಗ ಮುರಿಯಲು ಕಳಿಸುವುದು. ಫುಸಾಯೆಯನ್ನು ಯಾವ ಕಾರಣಕ್ಕೂ ಮೂಲೆಯಿಂದ ಹೊರಗೆ ತರಬಾರದು.'

ಮೇಷ್ಟ್ರು ತಮ್ಮ ಮರಣದ ಸೂಚನೆಗೆ ಮೊಹರು ಒತ್ತಿ ಪಕ್ಕಕ್ಕೆ ಕೊಟ್ಟರು. ಇನೋಕುಮಾ ಒತ್ತಿದ. ಹತ್ಸುಯೆ ಒತ್ತಿದಳು. ಮರುದಿನ ಮಧ್ಯಾಹ್ನದೊಳಗೆ ಹದಿಮೂರು ಮನೆ ದಾಟಿತು. ನಮ್ಮ ಬೀದಿಯಲ್ಲಿ ಸುತ್ತೋಲೆಯನ್ನು ಎಷ್ಟು ಶ್ರದ್ಧೆಯಿಂದ ಓದುತ್ತಾರೆಂಬುದು ಇದರಿಂದ ತಿಳಿಯುತ್ತದೆ. ಹದಿನಾಲ್ಕನೆಯದು ಕಿಯೋಳ ಮನೆ. ಕಿಯೋ ಕೆಮ್ಮಿನ ಔಷಧಿಯ ಶೀಶೆಯ ಮೇಲಿನ ಚೀಟಿಯನ್ನೂ ಬಿಡದೆ ಓದುವವಳು.

ಅವಳು ನಂಬಿದ್ದರಲ್ಲಿ ತಪ್ಪೇನಿಲ್ಲ. ಮೇಷ್ಟ್ರು ಹಿರಿಯರಿಗೆ ಬಿಲ್ಲುವಿದ್ಯೆ ಹೇಳಿಕೊಡುವವರು. ಸೊಂಟ ಹಿಡಿದು ಮೂರು ದಿನದಿಂದ ಬೆಳಗಿನ ರೇಡಿಯೋ ವ್ಯಾಯಾಮಕ್ಕೂ ಬಂದಿರಲಿಲ್ಲ. ಕಿಯೋ ಮೊಹರು ಒತ್ತಿ, ಕಪ್ಪು ಕಿಮೋನೊ ಉಟ್ಟು, ಜಪಮಣಿ ಹಿಡಿದು, ಸಾವಿನ ಮನೆಗೆ ಕೊಡುವ ಹಣದ ಲಕೋಟೆಯೊಂದಿಗೆ ಹೊರಟಳು. ಮೇಷ್ಟ್ರ ಬಾಗಿಲು ತಟ್ಟಿದಳು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಮೇಷ್ಟ್ರೇ ತೆಗೆದರು.

ಇಬ್ಬರೂ ಅಭ್ಯಾಸದಂತೆ ಬಾಗಿ ನಮಸ್ಕರಿಸಿದರಂತೆ.

"ಯಾರು ಹೋಗಿದ್ದು, ಕಿಯೋ ಅವರೇ?" ಎಂದರು ಮೇಷ್ಟ್ರು.

"ನೀವು."

"ಯಾವಾಗ?"

"ನನ್ನನ್ನ ಕೇಳಿದ್ರೆ? ಬಾಣ ತಗುಲಿ ಅಂತ ಬರೆದಿದೆ. ಎಲ್ಲಿ ತಗುಲಿತು?"

"ಯಾವನು ಹೇಳಿದ್ದು ನಾನು ಸತ್ತೆ ಅಂತ?"

"ಸಂಘದ ಹಲಗೇಲಿದೆ. ನೋಡಿ, ನೀವೂ ಒಪ್ಪಿ ಮೊಹರು ಒತ್ತಿದ್ದೀರಲ್ಲ."

ಮೇಷ್ಟ್ರು ನೋಡಿದರು. ಅವರದೇ ಮೊಹರು. ಇಲ್ಲಿ ಅವರ ಸಂಕಟವನ್ನು ನೀವು ಅರಿತುಕೊಳ್ಳಬೇಕು. 'ಮೊಹರು ಒತ್ತಿದ ಮೇಲೆ ಓದಿದ ಹಾಗೆ, ಓದಿದ ಮೇಲೆ ಒಪ್ಪಿದ ಹಾಗೆ, ಆಮೇಲೆ ತಕರಾರು ನಡೆಯುವುದಿಲ್ಲ' ಎಂದು ಪ್ರತಿ ವರ್ಷದ ಸಭೆಯಲ್ಲಿ ಮೇಜು ಕುಟ್ಟಿ ಹೇಳುವವರು ಅವರೇ.

ಅರ್ಧ ಗಂಟೆಯೊಳಗೆ ನಮ್ಮ ಮನೆಯ ಬಾಗಿಲು ಸರಿಯಿತು. ಸೊಂಟ ಹಿಡಿದುಕೊಂಡ ಮೇಷ್ಟ್ರು, ಕಪ್ಪು ಕಿಮೋನೊದ ಕಿಯೋ, ತೋಫುವಿನ ನೀರು ತೊಟ್ಟಿಕ್ಕುತ್ತಿದ್ದ ಇನೋಕುಮಾ, ಕತ್ತರಿ ಕೈಯಲ್ಲೇ ಇದ್ದ ಹತ್ಸುಯೆ. ಒಳಗೆ ರ್ಯೋಕೈ ಗುರುಗಳು ಆಗತಾನೆ ತಿಂಗಳ ಪಾರಾಯಣ ಮುಗಿಸಿ ಕುಳಿತಿದ್ದರು. ಬೀದಿಯ ಸೈನ್ಯವೆಲ್ಲ ಆರು ಚಾಪೆ ಹಾಸುವಷ್ಟೇ ಅಗಲದ ನನ್ನ ಕೋಣೆಯಲ್ಲಿ ಜಮಾಯಿಸಿತು.

"ಹೊರಿಕವಾ ಅವರೇ! ನಾನು ಏನು ಮಾಡಿದ್ದೆ ನಿಮಗೆ?" ಎಂದು ಮೇಷ್ಟ್ರು ಹಲಗೆಯನ್ನು ನನ್ನ ಮುಂದೆ ಹಿಡಿದರು.

"ಅದು... ಸೂತ್ರದ ಒಂದು ಟಿಪ್ಪಣಿ..." ಎಂದೆ.

"ಯಾವ ಸೂತ್ರದಲ್ಲಿ ಬರುತ್ತೆ ನನ್ನ ಮದುವೆ?" ಎಂದಳು ಹತ್ಸುಯೆ. ಹನ್ನೆರಡು ವರ್ಷದಿಂದ ವಿಧವೆ ಅವಳು. ಇನೋಕುಮಾ ಎಂದೂ ಮದುವೆಯಾದವನಲ್ಲ. ಅವನು ಛಾವಣಿಯ ಕಡೆ ನೋಡುತ್ತ, "ಹಲಗೇಲಿ ಬಂದ್ಮೇಲೆ ಸಂಘದ ವಿಷಯ, ನಾನೇನೂ ಹೇಳೋ ಹಾಗಿಲ್ಲ" ಎಂದ.

"ನಿಮಗೆ ಹೇಳೋಕೇನಿದೆ? ಮೊಹರು ಒತ್ತಿದ್ದೀರಲ್ಲ!"

"ನೀವೂ ಒತ್ತಿದ್ದೀರಿ, ಹತ್ಸುಯೆಯವರೇ."

ಹತ್ಸುಯೆ ಕತ್ತರಿಯನ್ನು ಜೇಬಿಗೆ ಸೇರಿಸಿದಳು.

ಅಷ್ಟರಲ್ಲಿ ಗುರುಗಳು ಹಾಳೆಯನ್ನು ತೆಗೆದುಕೊಂಡು ಓದಿದರು. ಬೀಗ ಮುರಿಯುವ ಸಾಲಿಗೆ ಬಂದಾಗ ಅವರ ಮುಖದಲ್ಲಿ ಕೋಪ ಕಾಣಲಿಲ್ಲ. ದೇವರ ಗೂಡಿನ ಕೆಳಗೆ ನಾನು ಮುಚ್ಚಿಟ್ಟಿದ್ದ ಯಂತ್ರದ ಕಡೆ ಅವರ ಕಣ್ಣು ಹೋಯಿತು. "ಯಜಮಾನರೇ, ಎಷ್ಟನೇ ಅಧ್ಯಾಯ?"

"ಹನ್ನೊಂದು" ಎಂದೆ, ಬೇರೆ ದಾರಿಯಿಲ್ಲದೆ.

"ಅತಿ ಕಠಿಣದಲ್ಲಾ? ಅಯ್ಯೋ, ಗುರಾಣಿಯವನನ್ನ ಹನ್ನೊಂದರಲ್ಲೇ ಕಳಕೊಂಡ್ರಾ!" ಎಂದವರು ತಾವು ಆಡಿದ ಮಾತು ಕೇಳಿ ತಾವೇ ಬಾಯಿಗೆ ಕೈ ಅಡ್ಡವಿಟ್ಟರು. ನಮ್ಮ ಮಠದ ಹದಿನೇಳನೆಯ ಪೀಠಾಧಿಪತಿಗಳು ಪಾರಾಯಣಗಳ ನಡುವಿನ ಬಿಡುವಿನಲ್ಲಿ ಏನು ಮಾಡುತ್ತಾರೆಂಬುದು ಹೀಗೆ ಬೀದಿಗೆ ತಿಳಿಯಿತು.

ಎಲ್ಲವನ್ನೂ ಒಪ್ಪಿಕೊಂಡೆ. ಯಂತ್ರವನ್ನು ಮೇಜಿನ ಮೇಲಿಟ್ಟು ಪಟ್ಟಿ ತೋರಿಸಿದೆ. ಬೈಗುಳ ಬೀಳುತ್ತದೆಂದು ಹಣೆಯನ್ನು ಚಾಪೆಗೆ ಹಚ್ಚಿ ಕಾದೆ. ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು.

"ನಂಗೆ ಹಾವೇ ಸಿಕ್ಕಿದ್ದಾ ಅವಳಿಗೆ?" ಎಂದಳು ಕಿಯೋ.

"ಹಾರುವ ಸರ್ಪ, ಅಮ್ಮ. ಸೈನ್ಯದಲ್ಲೇ ಅತಿ ಬಲಶಾಲಿ" ಎಂದರು ಗುರುಗಳು.

"ಹಾಗಾದ್ರೆ ಸರಿ."

"ನನಗಿಂತ ಮೊದಲು ಯಾರು ಸತ್ತಿದ್ದಾರೆ?" ಎಂದರು ಮೇಷ್ಟ್ರು.

"ಯಾರೂ ಇಲ್ಲ, ಮೇಷ್ಟ್ರೇ. ನೀವೇ ಮೊದಲು."

"ನಾನು ಜಿಲ್ಲೆಯ ಕುಸ್ತಿ ಪಂದ್ಯದಲ್ಲಿ ಎರಡನೇ ಸ್ಥಾನ ತಗೊಂಡವನು! ಒಂದು ಬಾಣಕ್ಕೆ?"

"ಮೂರು ಬಾಣ."

"ಅದನ್ನ ಬರೀಬೇಕಿತ್ತು ತಾನೆ! ಮೂರು ಅಂತ ಬರೆದಿದ್ರೆ ಮರ್ಯಾದೆ ಇರ್ತಿತ್ತು."

ಗುರುಗಳು ಪಟ್ಟಿಯ ಕೊನೆಗೆ ಬಂದು ನಿಂತರು. ಬಹಳ ಹೊತ್ತು ತೊಕುಜಿಯ ಲೆಕ್ಕಪತ್ರ ನೋಡಿದರು. "ವಿಚಿತ್ರ" ಎಂದರು. "ಒಂದು ಯುದ್ಧಕ್ಕೆ ಹನ್ನೆರಡು ಜನರಿಗೆ ಮಾತ್ರ ಜಾಗ. ಅತಿ ಕಠಿಣದಲ್ಲಿ ಒಂದು ಜಾಗ ದಂಡವಾದ್ರೂ ಸೋಲು. ಮೂಟೆ ಹೊರೋನನ್ನ ಯಾರೂ ಒಳಗೆ ತರೋಲ್ಲ, ಶಿಬಿರದಲ್ಲೇ ಬಿಡ್ತಾರೆ. ಫುಸಾಯೆ ಅಮ್ಮ ಒಂದು ಯುದ್ಧಾನೂ ಬಿಡದೆ ನಿಮ್ಮನ್ನ ಕರ್ಕೊಂಡು ಹೋಗಿದ್ದಾರೆ. ಯಜಮಾನರೇ, ಕ್ಷಮಿಸಿ, ಈ ಆಟ ಇಷ್ಟು ಕಷ್ಟವಾಗಿದ್ದಕ್ಕೆ ಮುಕ್ಕಾಲು ಕಾರಣ ನೀವೇ."

"ಆಟದಲ್ಲಿ ಮಾತ್ರಾನಾ?" ಎಂದಳು ಕಿಯೋ.

ಯಾರೂ ನಗಲಿಲ್ಲ; ಆಮೇಲೆ ಎಲ್ಲರೂ ನಕ್ಕರು; ಕೊನೆಗೆ ನಾನೂ ನಕ್ಕೆ. ನಕ್ಕದ್ದು ಎಂದೇ ಹೇಳಿಕೊಳ್ಳುತ್ತೇನೆ.

"ಮೂರನೇ ಹೃದಯ ಯಾಕೆ ತುಂಬಿಲ್ಲ?" ಎಂದು ಹತ್ಸುಯೆ ಕೇಳಿದಳು. ಪರದೆಯ ಮೂಲೆಯನ್ನು ತೋರಿಸಿದೆ. ಕೋಟೆಯ ಗೋಡೆಗೆ ಅಂಟಿಕೊಂಡು ಫುಸಾಯೆ ನಿಂತಿದ್ದಳು. ಕಿಯೋ ಪರದೆಯ ಮೂಲೆ ನೋಡಿದಳು. ಆಮೇಲೆ ಕಲಶವಿದ್ದ ಕೋಣೆಯ ಮೂಲೆ ನೋಡಿದಳು. ಅವಳನ್ನು ಐವತ್ತು ವರ್ಷದಿಂದ ಬಲ್ಲ ನನಗೆ ಅದು ಬೈಗುಳಕ್ಕಿಂತ ಹೆಚ್ಚಾಯಿತು.

"ಹೊರಗೆ ತಂದರೆ ಸತ್ತುಹೋದ್ರೆ ಏನು ಮಾಡೋದು, ಅಕ್ಕ?" ಎಂದೆ.

"ಅವಳು ನಿನ್ನ ಹಾಗೆ ಮೂಲೇಲಿ ನಿಲ್ಲೋಳಲ್ಲ. ತಾ."

ಅದೇ ಮಧ್ಯಾಹ್ನ ಹನ್ನೆರಡನೆಯ ಅಧ್ಯಾಯ ಆಡಿದೆವು. ಆಡಿದೆವು ಎಂದರೆ, ಗುಂಡಿ ಒತ್ತಿದವನು ನಾನು, ಸೈನ್ಯ ನಡೆಸಿದವರು ಅವರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಸತ್ತ ಮೇಷ್ಟ್ರು. "ಎಡಕ್ಕೆ! ಎಡಕ್ಕೆ ಅಂದ್ರೆ ಎಡ! ನಾನಿದ್ದಿದ್ರೆ ಅಲ್ಲಿ ನಿಲ್ತಿದ್ದೆ!" ಇನೋಕುಮಾ ತನ್ನ ಕುದುರೆಯನ್ನು ಹತ್ಸುಯೆಯ ಪಕ್ಕಕ್ಕೇ ನಿಲ್ಲಿಸಬೇಕೆಂದು ಮೂರು ಸಲ ಮೆಲ್ಲಗೆ ಹೇಳಿದ. ಹತ್ಸುಯೆ ಬೇಡವೆನ್ನಲಿಲ್ಲ. ಗುರುಗಳು ಬೀಗ ಮುರಿದು ಬಾಗಿಲು ತೆರೆದಾಗ ಕೈಮುಗಿದುಕೊಂಡರು. ಕಿಯೋಳ ಸರ್ಪ ಒಂದು ಇಡೀ ದಂಡನ್ನು ನುಂಗಿತು, ಅವಳು ಜಪಮಣಿ ಎಣಿಸುತ್ತ, "ಇನ್ನೂ ಇದ್ದಾರಾ?" ಎಂದಳು.

ಫುಸಾಯೆಯನ್ನು ಮೂಲೆಯಿಂದ ಹೊರಗೆ ತಂದೆ. ತೊಕುಜಿಯ ಪಕ್ಕ ನಿಲ್ಲಿಸಿದೆ. ಅವಳು ಗಾಯಾಳುಗಳ ನಡುವೆ ಓಡಾಡಿದಳು, ಅವನು ಮೂಟೆ ಹೊತ್ತು ಹಿಂದೆ ಹಿಂದೆ ತಿರುಗಿದ. ಹೃದಯ ಏರತೊಡಗಿತು. ಆಗ ದಿಬ್ಬದ ಮೇಲಿನ ಬಿಲ್ಲುಗಾರನೊಬ್ಬ ಅವಳ ಕಡೆ ತಿರುಗಿದ.

ನಾನು ಕಣ್ಣು ಮುಚ್ಚಿ ಬುದ್ಧನ ಹೆಸರು ಹೇಳಿದೆ. ಠಳ್ ಎಂಬ ಸದ್ದಾಯಿತು. ಕಣ್ಣು ಬಿಟ್ಟರೆ ಫುಸಾಯೆ ನಿಂತೇ ಇದ್ದಳು. ಅವಳ ಮುಂದೆ ತೊಕುಜಿ ಅಡ್ಡ ಬಂದಿದ್ದ. ಬಾಣ ಅವನ ಮೂಟೆಯಲ್ಲಿ ನಾಟಿತ್ತು. "ಅಕ್ಕರೆ ಬೆಳೆದವರು ಒಮ್ಮೊಮ್ಮೆ ತಾವಾಗೇ ಅಡ್ಡ ಬರ್ತಾರೆ" ಎಂದು ಗುರುಗಳು ವಿವರಿಸಿದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತು: 'ಔಷಧಿಗಳೆಲ್ಲ ಒಡೆದುಹೋದವು.'

"ಜನ್ಮದಲ್ಲಿ ಒಂದ್ಸಲ ಅಡ್ಡ ಬಂದೆ. ಅದೂ ಇರೋ ಔಷಧಿ ಎಲ್ಲ ಒಡೆದು" ಎಂದಳು ಕಿಯೋ.

ಯುದ್ಧ ಮುಗಿಯಿತು. ಹೃದಯ ತುಂಬಿತು. ಪರದೆಯ ಮೇಲೆ ಒಂದು ಮರ, ಮರದ ಕೆಳಗೆ ಅವರಿಬ್ಬರು. ಮೇಷ್ಟ್ರು ಸೊಂಟದ ನೋವು ಮರೆತು ಮುಂದಕ್ಕೆ ಬಾಗಿದರು.

'ಮೂಟೆ ಭಾರ ಇದೆಯಾ?' ಎಂದಳು ಫುಸಾಯೆ. 'ಅರ್ಧ ಇಲ್ಲಿ ಕೊಡಿ.'

'ಪರವಾಗಿಲ್ಲ' ಎಂದ ತೊಕುಜಿ.

'ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು. ಸರಿ, ನಡೀರಿ.'

ಅಷ್ಟೆ. ಪರದೆ ಕಪ್ಪಾಯಿತು.

"ಇಷ್ಟೇನಾ?" ಎಂದ ಇನೋಕುಮಾ. ಹತ್ಸುಯೆ ಅವನ ತೋಳು ಚಿವುಟಿದಳು.

ಗುರುಗಳು ಗಂಟಲು ಸರಿಮಾಡಿಕೊಂಡರು. "ಯಜಮಾನರೇ, ನಿಮ್ಮ ಮನಸ್ಸು ನೋಯಬಾರದು. ಈ ಮಾತು ಬರೆದವರು ಟೋಕಿಯೋದಲ್ಲಿ ಕೂತ ಯಾರೋ. ಈ ಆಟ ಆಡೋ ಎಲ್ಲರಿಗೂ ಇದೇ ಮಾತೇ ಬರುತ್ತೆ."

"ಇರಲಿ ಬಿಡಿ, ಗುರುಗಳೇ" ಎಂದೆ. "ನೀವು ಓದೋ ಸೂತ್ರಾನೂ ಎಲ್ಲರ ಮನೇಲೂ ಒಂದೇ ತಾನೆ."

ಗುರುಗಳು ನನಗೆ ತಲೆಬಾಗಿದರು. ನೂರು ಅರ್ಥಗಳಲ್ಲಿ ಯಾವುದೆಂದು ನಾನು ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಿಯೋಗೆ ಹೇಳಿದೆ: "ಅಕ್ಕ, ಓಬೋನ್ ಹಬ್ಬಕ್ಕೆ ಮೊದಲು ಅವಳನ್ನ ಸಮಾಧಿಗೆ ಸೇರಿಸೋಣ. ಹಬ್ಬಕ್ಕೆ ಸತ್ತವರೆಲ್ಲ ಸಮಾಧಿಯಿಂದ ಮನೆಗೆ ಬರ್ತಾರೆ. ಮನೇಲೇ ಇದ್ದರೆ ಅವಳು ಎಲ್ಲಿಂದ ಅಂತ ಬರ್ತಾಳೆ?"

"ಸೂತ್ರ ಬರೆದು ಮುಗೀತಾ?"

"ಒಂದಕ್ಷರಾನೂ ಬರೆದಿಲ್ಲ."

"ಗೊತ್ತಿತ್ತು. ನಾಲ್ಕು ತಿಂಗಳಲ್ಲಿ ನಿನ್ನ ಬೆರಳಲ್ಲಿ ಒಂದು ಚುಕ್ಕೆ ಮಸಿ ಕಾಣಲಿಲ್ಲ" ಎಂದು ಅವಳು ಕಿಮೋನೊದ ತೋಳಿನಿಂದ ಕಣ್ಣೊರೆಸಿಕೊಂಡು, ಮೇಷ್ಟ್ರಿಗೆ ಕೊಡಲು ತಂದಿದ್ದ ಲಕೋಟೆಯನ್ನು ಫುಸಾಯೆಯ ದೇವರ ಗೂಡಿನ ಮುಂದಿಟ್ಟಳು. "ಹೇಗೂ ತಂದಾಗಿದೆ. ಮೇಷ್ಟ್ರಿಗೆ ಆಮೇಲೆ ಬೇರೆ ತರ್ತೀನಿ."

"ಅವಸರ ಇಲ್ಲ" ಎಂದರು ಮೇಷ್ಟ್ರು.

ಆಗಸ್ಟ್ ಆರರ ಬೆಳಿಗ್ಗೆ ಮಠದ ಹಿಂದಿನ ಸಮಾಧಿ ನೆಲಕ್ಕೆ ಹೊರಟೆವು. ಬಿಸಿಲು ಚುರುಗುಟ್ಟುತ್ತಿತ್ತು, ಜೀರುಂಡೆಗಳು ಕಿವಿ ಕೊರೆಯುತ್ತಿದ್ದವು. ಗೇಟಿನ ಬಳಿ ಎಲ್ಲರೂ ಯಾರು ಮುಂದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಕೊಡೆಯನ್ನು ಗುರಾಣಿಯಂತೆ ಹಿಡಿದು ಮುಂದೆ ಬಂದರು. "ನಾನು ನಡೀತೀನಿ ಮುಂದೆ. ಹೇಗೂ ಸತ್ತವನು, ದಾರಿ ಗೊತ್ತು." ಅವರ ಹಿಂದೆ ಇನೋಕುಮಾ ಮತ್ತು ಹತ್ಸುಯೆ ಪಕ್ಕಪಕ್ಕದಲ್ಲಿ, ಒಂದೇ ಕೊಡೆಯ ಕೆಳಗೆ. ಸಮಾಧಿಯ ಮುಂದಿನ ಚಪ್ಪಡಿ ಮಳೆಗೆ ಬಿಗಿದುಕೊಂಡಿತ್ತು. ಗುರುಗಳು ಪೀಠಾಧಿಪತಿಯ ನಿಲುವಂಗಿಯ ತೋಳು ಮಡಿಸಿ, ಹಾರೆಕೋಲು ಹಿಡಿದು, "ಇದು ನನ್ನ ಕೆಲಸ" ಎಂದು ಎರಡೇ ಏಟಿಗೆ ಎಬ್ಬಿಸಿದರು.

ನಾನು ಎಲ್ಲರಿಗಿಂತ ಹಿಂದೆ ಇದ್ದೆ, ಕಲಶವನ್ನು ಎದೆಗೆ ಒತ್ತಿಕೊಂಡು. ಸಮಾಧಿಗೆ ಏರುವ ಮೆಟ್ಟಿಲು ಹದಿನೆಂಟಿದ್ದವು. ಏಳನೆಯದರಲ್ಲಿ ನಿಂತೆ.

"ಭಾರ ಇದೆಯೇನೋ? ಇಲ್ಲಿ ಕೊಡು" ಎಂದು ಮೇಲಿನಿಂದ ಕಿಯೋ ಕೂಗಿದಳು.

"ಪರವಾಗಿಲ್ಲ" ಎಂದೆ.

"ನೋಡಿ, ನೋಡಿ" ಎಂದು ಅವಳು ಇಡೀ ಸೈನ್ಯದ ಮುಂದೆ ಕೈ ತೋರಿಸಿ ಹೇಳಿದಳು, "ಇವನನ್ನ ಒಂದು ಯುದ್ಧಾನೂ ಬಿಡದೆ ಕರ್ಕೊಂಡು ಹೋದಳಲ್ಲ, ಆ ಪುಣ್ಯಾತ್ಗಿತ್ತಿ!"